ಬೆಟ್ಟ ನೋಡಲು ಬಂದವರು

ಯಾದಗಿರಿ ಬಸ್ ನಿಲ್ದಾಣದ ಗೋಡೆಗೆ ಮೊನ್ನೆ ಪ್ರವಾಸೋದ್ಯಮದ ಹೊಸ ಪೋಸ್ಟರು ಹಚ್ಚುತ್ತಿದ್ದರು. ಹಂಪಿ, ಮೈಸೂರು, ಕಡಲತೀರ. ಎಲ್ಲೆಡೆ ನಗುವ ವಿದೇಶಿಯರು. ನಮ್ಮ ಜಿಲ್ಲೆ ಅದರಲ್ಲಿರಲಿಲ್ಲ. ನನಗೆ ಬೇಸರವೂ ಆಗಲಿಲ್ಲ ನೋಡಿ, ಅಷ್ಟು ರೂಢಿಯಾಗಿದೆ. ಆದರೆ ಮೈದಾ ಅಂಟಿನ ಹಸಿ ವಾಸನೆ ಮೂಗಿಗೆ ಬಡಿದು, ಶಾಲೆಯ ಚಾರ್ಟುಗಳಿಗೆ ಅಂಥದೇ ಅಂಟು ಕಾಯಿಸುತ್ತಿದ್ದ ಶರಣಮ್ಮ ಟೀಚರ್ ನೆನಪಾದರು.

ಶಹಾಪುರದಲ್ಲಿ ಆಗ ನಾವಿಬ್ಬರೂ ಒಂದೇ ಶಾಲೆಯ ಶಿಕ್ಷಕಿಯರಾಗಿದ್ದೆವು. ಅಲ್ಲಿಯ ಬೆಟ್ಟದ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ: ಹಣೆ, ಮೂಗು, ಎದೆ. ಬೌದ್ಧರ ಮನೆಯ ಶರಣಮ್ಮ ದಿನಾ ಅತ್ತ ಕೈಮುಗಿದ ಮೇಲೆಯೇ ಚಹಾ ಕುಡಿಯುವವರು. ನಾನೋ, ಯಾದಗಿರಿಯಿಂದ ಬಸ್ಸಿನಲ್ಲಿ ತೂಕಡಿಸುತ್ತ ಬಂದು, ತೂಕಡಿಸುತ್ತ ಮರಳುವವಳು.

ಒಂದು ಸಂಜೆ ಶ್ರೀಲಂಕಾದ ವಯಸ್ಸಾದ ಹೆಂಗಸೊಬ್ಬರು ಶಾಲೆಯ ಗೇಟಿಗೆ ಬಂದು ನಿಂತರು. ಯಾರೋ ತೆಗೆದ ಬೆಟ್ಟದ ಫೋಟೋ ಕಂಡು, ಹಂಪಿಯಲ್ಲಿ ತಮ್ಮ ಗುಂಪನ್ನು ಬಿಟ್ಟು ಒಬ್ಬರೇ ಬಂದಿದ್ದರು. ಎರಡು ಲಾಡ್ಜುಗಳಲ್ಲಿ ಕೋಣೆ ಸಿಕ್ಕಿರಲಿಲ್ಲ. ವಿದೇಶಿಯರನ್ನು ಇಳಿಸಿಕೊಳ್ಳುವ ಕಾಗದಪತ್ರ ಲಾಡ್ಜಿನವರಿಗೆ ಗೊತ್ತಿರಲಿಲ್ಲವಂತೆ. ನಾನು ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಸಿ, ಹಂಪಿಗೆ ಮರಳುವುದೇ ಲೇಸೆಂದು ವಿವರಿಸತೊಡಗಿದೆ.

"ಯಾಕ್ರಿ ಟೀಚರ್, ನಮ್ಮ ಮನಿ ಇಲ್ಲೇನು?" ಎಂದರು ಶರಣಮ್ಮ. "ಠಾಣಾಕ್ಕ ಹೋಗಿ ಬರದು ಕೊಡೋಣು, ನಡೀರಿ."

ಠಾಣೆಯ ಸಾಹೇಬರು ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಯಾವ ಕೆಲ್ಸಕ್ಕ ಬಂದಾರ?"

"ಬೆಟ್ಟ ನೋಡಾಕ್ರಿ," ಎಂದರು ಶರಣಮ್ಮ.

"ಇಲ್ಲಿ ನೋಡೋವಂಥಾದ್ದು ಏನದವಾ?"

"ನಿಮ್ಮ ಬೆನ್ನ ಹಿಂದಿನ ಕಿಡಕಿ ತಗೀರಿ, ಸಾಹೇಬ್ರ."

ಅವರು ಎದ್ದು ಕಿಟಕಿ ತೆರೆದರು. ಸಂಜೆಯ ಕೆಂಪಿನಲ್ಲಿ ಬುದ್ಧ ಮಲಗಿದ್ದ. ಸಾಹೇಬರು ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಫೋನು ಮಾಡಿ, ಯಾರನ್ನೋ ಕೇಳಿ ಕೇಳಿ, ಅರ್ಜಿಯನ್ನು ತಾವೇ ತುಂಬಿದರು.

ಮರುದಿನ ನಾನು ಬಸ್ಸಿಳಿಯುವಷ್ಟರಲ್ಲಿ ನಸುಕಿನಲ್ಲೇ ಬೆಟ್ಟ ನೋಡಲು ಹೋಗಿದ್ದ ಇಬ್ಬರೂ ಊರ ಕೆರೆಯ ದಂಡೆಯಿಂದ ಮರಳುತ್ತಿದ್ದರು, ಕೈಕೈ ಹಿಡಿದು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು. ಏನು ಕಂಡಿರೆಂದು ಕೇಳಿದ್ದಕ್ಕೆ ಶರಣಮ್ಮ, "ಮಂಜು ಸರೀತ್ರಿ, ಬುದ್ಧನ ಮಾರಿ ಕಾಣಿಸ್ತು" ಎಂದರು. ಅಷ್ಟೇ. ನನಗೆ ಹೊಟ್ಟೆಕಿಚ್ಚಾಯಿತು, ಯಾರ ಮೇಲೆಂದು ಇಂದಿಗೂ ತಿಳಿದಿಲ್ಲ.

ಮೊನ್ನೆ ಮನೆಯ ದಾರಿ ಹಿಡಿಯದೆ ಶಹಾಪುರದ ಬಸ್ಸು ಹತ್ತಿಬಿಟ್ಟೆ. ನಿವೃತ್ತರಾದ ಶರಣಮ್ಮ ಬಾಗಿಲಲ್ಲೇ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಆ ಹೆಂಗಸಿನ ನಂತರ ಬೆಟ್ಟ ನೋಡಲು ಬೇರೆ ಯಾರಾದರೂ ಬಂದರೇ ಎಂದು ಕೇಳಿದೆ. "ಯಾರೂ ಬಂದಿಲ್ರಿ," ಎಂದರು, ಬೇಸರವಿಲ್ಲದೆ. "ನಿಮ್ಮ ಕಡೀ ಬಸ್ಸು ಏಳಕ್ಕದ. ಚಹಾ ಕುಡ್ದು ಹೋಗೀರಂತ."

"ಇವತ್ತು ಹೋಗಂಗಿಲ್ರಿ," ಎಂದೆ. "ನಸುಕಿನ್ಯಾಗ ಎಬ್ಬಿಸ್ರಿ ನನ್ನ."