ಮಾವನ ಸಕ್ಕರೆಯ ಮೂವಿಂಗ್ ಆವರೇಜ್

ಶೇರು ಆಡುವ ಗೆಳೆಯರೇ, ಸಕ್ಕರೆ ಕಾಯಿಲೆಯ ಗೆಳೆಯರೇ, ಇದು ಇಬ್ಬರಿಗೂ ಸೇರಿದ್ದು.

ಇವತ್ತು ಬೆಳಿಗ್ಗೆ ಸೋದರಮಾವನನ್ನು ಅವರೂರು, ಆಂಧ್ರದ ಆದೋನಿಯಲ್ಲೇ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಮಾವ ಹತ್ತಿ ವ್ಯಾಪಾರಿ. ಈಗೀಗ ಮೊಬೈಲಿನಲ್ಲಿ ಶೇರು ವ್ಯಾಪಾರವೂ ಶುರುವಾಗಿದೆ. ಖಾಲಿ ಹೊಟ್ಟೆಯ ಸಕ್ಕರೆ ನೂರರೊಳಗೇ ಬಂತು. ಮಾವ ಮೀಸೆ ತಿರುವಿ, "ಇನ್ನ ಒಗ್ಗಾಣಿ-ಬಜ್ಜಿ ತಿನ್ನಬಹುದಲ್ರಿ ಡಾಕ್ಟ್ರೇ?" ಎಂದರು.

ಜೊತೆಗೆ ಬಂದಿದ್ದ ಅತ್ತೆ ಸುಮ್ಮನಿರಬೇಕಲ್ಲ! "ಇವರು ಮೂರು ದಿನದಿಂದ ಬರೀ ಮಜ್ಜಿಗಿ ಕುಡದು ಬಂದಾರ್ರಿ. ಒಂದಿನದ ರೇಟ್ ನಂಬಬ್ಯಾಡ, ಮೂವಿಂಗ್ ಆವರೇಜ್ ನೋಡು ಅಂತ ದಿನಾ ನನ್ನ ತಲಿ ತಿಂತಾರ. ಇವರದೂ ಹಿಂದಿನ ದಿನಗಳ ಸರಾಸರಿ ತಗೀರಿ!"

"ಬಾಗಾ ಚೆಪ್ಪಾರಮ್ಮಾ, ಚಲೋ ಹೇಳಿದ್ರಿ! ಅದಕ್ಕೂ ರಕ್ತಪರೀಕ್ಷಿ ಐತಿ. ಮೂರು ತಿಂಗಳ ಸರಾಸರಿ ತೋರಸ್ತೈತಿ" ಎಂದು ಡಾಕ್ಟರು ನಗುತ್ತಾ ಚೀಟಿ ಬರೆದರು.

ಮಧ್ಯಾಹ್ನ ರಿಪೋರ್ಟು ಬಂತು. ಮೂರು ತಿಂಗಳಿಂದ ಕದ್ದು ತಿಂದ ಜಿಲೇಬಿಯೆಲ್ಲ ಅದರೊಳಗೆ ಕಾಲು ಚಾಚಿಕೊಂಡು ಕೂತಿತ್ತು.

ಮಾವ ಅಷ್ಟಕ್ಕೆಲ್ಲ ಸೋಲುವವರಲ್ಲ. "ಡಾಕ್ಟ್ರೇ, ಈ ಸರಾಸರಿ ಯಾವಾಗಲೂ ಒಂದು ಹೆಜ್ಜಿ ಹಿಂದ ಇರ್ತೈತ್ರಿ. ನನ್ನ ಸಕ್ರಿ ಮೂರು ದಿನದಿಂದ ಇಳೀಲಿಕ್ಕತ್ತೈತಿ, ಅದಕ್ಕಿನ್ನೂ ಗೊತ್ತಾಗಿಲ್ಲ!"

ಅತ್ತೆ ಚೀಲ ಹೆಗಲಿಗೇರಿಸಿದರು. "ಹಂಗಾದ್ರ ಅದಕ್ಕ ಗೊತ್ತಾಗೋ ತನಕ ಮಜ್ಜಿಗಿನೇ ಕುಡೀರಿ."

ಮೂವಿಂಗ್ ಆವರೇಜಿನಿಂದ ಯಾರಿಗೆ ಲಾಭ ಎಂದು ಕೇಳುತ್ತಿದ್ದಿರಲ್ಲ? ಬರುವಾಗ ದಾರಿಯ ಹೋಟೆಲಿನಲ್ಲಿ ಮಾವನ ಪಾಲಿನ ಬಜ್ಜಿಯೂ ನನಗೇ ಬಂತು.