ಬೆನ್ನು ತಿರುಗಿಸಿ ಹೇಳುವ ಹೂಂ

ಈಚೆಗೆ ಗುಬ್ಬಿಯಲ್ಲಿ ಸೊಳ್ಳೆಗಳ ಸಂತತಿ ಕ್ಷೀಣಿಸಿದೆಯೆಂದು ನಾನು ಸಂತೋಷದಿಂದ ನಂಬಿದ್ದೆ. ನಾಲ್ಕು ಜನರೆದುರು ಹೇಳಿಕೊಂಡೂ ಇದ್ದೆ. ಹಾಗಾದರೆ ಕೈಕಾಲಿನ ತುಂಬ ಗುಳ್ಳೆಗಳೇಕೆ ಎಂಬ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ತುಮಕೂರಿನ ಕಿವಿ ಡಾಕ್ಟರು ಉತ್ತರ ಹೇಳಿದರು: ಸೊಳ್ಳೆ ಕಡಿಮೆಯಾಗಿಲ್ಲ, ಅದರ ಗಾಯನ ನನಗೆ ಕೇಳುವುದು ನಿಂತಿದೆ. ವಯಸ್ಸಾದಂತೆ ಮೇಲಿನ ಸ್ವರಗಳೇ ಮೊದಲು ಹೋಗುತ್ತವಂತೆ.

ನೀವಾಗಿದ್ದರೆ ನಕ್ಕು ಮನೆಗೆ ಬರುತ್ತಿದ್ದಿರಿ. ನನ್ನದು ತಾತನ ಕಾಲದ ಹಾರ್ಮೋನಿಯಂ ರಿಪೇರಿ ಅಂಗಡಿ. ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ ಶ್ರುತಿಗೆ ತರುವ ಈ ಕಸುಬಿನಲ್ಲಿ ಕಿವಿಯೇ ಬಂಡವಾಳ. ತಾತ ಮಾಡಿಟ್ಟ ಪದ್ಧತಿಯೊಂದಿದೆ. ಒಬ್ಬರು ಶ್ರುತಿ ಮಾಡಿದ ಪೆಟ್ಟಿಗೆಯನ್ನು ಮನೆಯ ಇನ್ನೊಬ್ಬರು ಬೆನ್ನು ತಿರುಗಿಸಿ ಕೂತು ಕೇಳಿ "ಹೂಂ" ಅನ್ನಬೇಕು. ಅಲ್ಲಿಯವರೆಗೆ ಅದು ಹೊಸಿಲು ದಾಟುವಂತಿಲ್ಲ. ಅಪ್ಪನಿಗೆ ಮುಪ್ಪಡರುವ ಹೊತ್ತಿಗೆ ನನಗೆ ಇಪ್ಪತ್ತೆಂಟು. ಅವರ ಕಿವಿ ಮಂದವಾದದ್ದು ನನ್ನ ಕಿವಿಯ ಮರೆಯಲ್ಲಿ ಯಾರಿಗೂ ತಿಳಿಯಲೇ ಇಲ್ಲ. ನಾನೋ ಎಲ್ಲದರಲ್ಲೂ ವಿಳಂಬಕಾಲದವನು: ಮದುವೆ ನಲವತ್ತಕ್ಕೆ, ಮಗಳು ನಲವತ್ತೇಳಕ್ಕೆ. ಶಾಲೆಯ ಗೇಟಿನಲ್ಲಿ ತಾತನೆಂದು ಕರೆಸಿಕೊಂಡು ಒಗ್ಗಿಹೋಗಿದೆ. ಅಪ್ಪ ತೀರಿಕೊಂಡ ಮೇಲೆ ಶ್ರುತಿ ಮಾಡಿದವನೂ ನಾನೇ, ಹೂಂ ಅಂದವನೂ ನಾನೇ.

ಹೀಗೆ ನನ್ನ ಒಪ್ಪಿಗೆಯನ್ನು ನಾನೇ ಪಡೆದು ಕಳಿಸಿದ ಪೆಟ್ಟಿಗೆಯೊಂದು, ಡಾಕ್ಟರನ್ನು ಕಂಡುಬಂದ ವಾರದಲ್ಲೇ, ಕುಣಿಗಲ್ಲಿನ ಭಜನಾ ಮಂಡಳಿಯಿಂದ ವಾಪಸು ಬಂತು. "ಮೇಲ್ಗಡೆ ಸ್ವರ ಯಾಕೋ ಸೇರ್ತಾ ಇಲ್ಲ ಯಜಮಾನ್ರೇ. ನಿಮ್ಮ ತಂದೇರ ಕಾಲ್ದಿಂದ ಇಲ್ಲಿಗೇ ತರ್ತಾ ಇದೀವಿ" ಎಂದರು ಮಂಡಳಿಯ ಹಿರಿಯರು, ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು. ಹನ್ನೊಂದರ ಮಗಳಿಗೆ ಇಪ್ಪತ್ತಾಗುವಷ್ಟರಲ್ಲಿ ನನ್ನ ಕಿವಿ ಇನ್ನೆಷ್ಟು ಸ್ವರ ಬಿಟ್ಟುಕೊಟ್ಟಿರುತ್ತದೋ, ನಡುವಿನ ವರ್ಷಗಳನ್ನು ಅಂಗಡಿ ಹೇಗೆ ದಾಟುತ್ತದೋ ಎಂದು ನನಗೆ ನಿಜಕ್ಕೂ ಭಯವಾಯಿತು.

ಮತ್ತೆ ಉಜ್ಜುತ್ತ ಕೂತೆ. ಬಾಗಿಲಲ್ಲಿ ರಸ್ತೆಗೆ ಮುಖಮಾಡಿ ಹೋಂವರ್ಕ್ ಬರೆಯುತ್ತಿದ್ದ ಮಗಳು ತಲೆಯೆತ್ತದೆ, "ಆ ಕೊನೇದು ಒಂಚೂರು ಮೇಲಿದೆ ಕಣಪ್ಪ" ಎಂದಳು. ಇಳಿಸಿದೆ. "ಇನ್ನೂ." ಇಳಿಸಿದೆ. ಕೊನೆಗೆ "ಹೂಂ" ಎಂದಳು. ಅರ ಕೆಳಗಿಟ್ಟು ಅವಳ ಪಕ್ಕ ಹೋಗಿ ಕೂತೆ. ಆ ಸಡಗರದಲ್ಲಿ, ದೊಡ್ಡವಳಾದ ಮೇಲೆ ಅಂಗಡಿ ನೋಡಿಕೊಳ್ಳುತ್ತೀಯಾ ಎಂದು ಕೇಳಿಯೇಬಿಟ್ಟೆ.

"ಗೊತ್ತಿಲ್ಲಪ್ಪ. ಸದ್ಯಕ್ಕೆ ಕೇಳಿ ಹೇಳ್ತೀನಿ, ಬಿಡು."

ಹನ್ನೊಂದು ವರ್ಷದವಳ ಹೆಗಲಿಗೆ ಮೂರು ತಲೆಮಾರನ್ನು ಏರಿಸಹೊರಟದ್ದಕ್ಕೆ ನಾಚಿಕೆಯಾಯಿತು. ಸದ್ಯಕ್ಕೆ ಅಷ್ಟೇ ಸಾಕೆಂದೂ ಅನ್ನಿಸಿತು.

ಕುಣಿಗಲ್ಲಿನವರು ಪೆಟ್ಟಿಗೆ ಒಯ್ದ ಸಂಜೆ ಇಬ್ಬರೂ ಜಗಲಿಯ ಮೇಲೆ ಕೂತಿದ್ದೆವು. "ಅಪ್ಪ, ಸೊಳ್ಳೆ ಬಂತು" ಎಂದಳು. ನನಗೇನೂ ಕೇಳಿಸಲಿಲ್ಲ. ಬೆನ್ನು ತಿರುಗಿಸಿ ಕೂತು, "ಹೂಂ" ಎಂದೆ.