ಬೆಂಕಿ ಹಚ್ಚಿದ ಮೇಲೆ ಏಳಬಾರದು

ಬೆಳಗಿನ ಐದು ಗಂಟೆ. ಕಟ್ಟೆಮಳಲವಾಡಿಯ ಪ್ರಭುಸ್ವಾಮಿಯವರ ಹೊಗೆಸೊಪ್ಪನ್ನು ಕಾವಿನಲ್ಲಿ ಒಣಗಿಸುವ ಬ್ಯಾರನ್ ಮನೆಯ ಮುಂದೆ ಕುಕ್ಕರುಗಾಲಲ್ಲಿ ಕೂತ ಬೀರಮ್ಮ ಒಲೆಯ ಬಾಯಿಗೆ ಸೌದೆ ನೂಕುತ್ತಾರೆ. ಎದ್ದು, ಗೋಡೆಯ ಗಾಜಿನ ಕಿಂಡಿಗೆ ಟಾರ್ಚ್ ಹಿಡಿದು ಒಳಗಿನ ಥರ್ಮಾಮೀಟರ್ ನೋಡುತ್ತಾರೆ. ಮೂರನೇ ದಿನದ ಸೊಪ್ಪು ಹಳದಿಗೆ ತಿರುಗಿದೆ. ಇನ್ನು ಕಾವು ನಿಧಾನಕ್ಕೆ ಏರಬೇಕು. ಅವಸರ ಮಾಡಿದರೆ ಸೊಪ್ಪು ಕಪ್ಪಾಗುತ್ತದೆ. ಒಂದು ಎಲೆ ಜಾರಿ, ಒಲೆಯ ಕಾವನ್ನು ಒಳಗೆ ಒಯ್ಯುವ ಕೊಳವೆ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ.

ಐವತ್ತೆರಡರ ಬೀರಮ್ಮ ಇಪ್ಪತ್ತು ವರ್ಷದಿಂದ ಹುಣಸೂರು, ಪಿರಿಯಾಪಟ್ಟಣದ ಊರುಗಳಲ್ಲಿ ಸೊಪ್ಪು ಬೇಯಿಸುತ್ತಿದ್ದಾರೆ. ಒಂದು ಬ್ಯಾರನ್‌ಗೆ ಆರು ಹಗಲು, ಆರು ರಾತ್ರಿ. ಒಮ್ಮೆಗೆ ಅರ್ಧ ಗಂಟೆಗಿಂತ ಹೆಚ್ಚು ನಿದ್ದೆಯಿಲ್ಲ. ಉರಿ ನೋಡಿ ನೋಡಿ ಎಡಗಣ್ಣು ಮಂಜಾಗಿದೆ.

ಹನ್ನೊಂದು ವರ್ಷದ ಹಿಂದೆ ಗಂಡ ಹುಚ್ಚಯ್ಯನಿಗೆ ಎದೆನೋವೆಂದು ಸುದ್ದಿ ಬಂದಾಗ, ಒಲೆಯನ್ನು ಪಕ್ಕದವರಿಗೆ ಒಪ್ಪಿಸಿ ಓಡಿದ್ದರು. ಬರೀ ಗ್ಯಾಸು. ಇತ್ತ ಬ್ಯಾರನ್ ಉರಿದುಹೋಯಿತು. ಬೆಂಕಿ ಹಚ್ಚಿದ ಮೇಲೆ ಏಳಬಾರದು ಎಂದು ಅಂದೇ ಕಟ್ಟಳೆ ಹಾಕಿಕೊಂಡರು. ನಾಲ್ಕು ವರ್ಷದ ಹಿಂದೆ ಮತ್ತೆ ಅದೇ ಸುದ್ದಿ.

“ಆವತ್ತೂ ಇಂಗೇ ಅಂದಿದ್ರಲ್ಲ ಅಂತ ಕೂತ್ಕಂಡೆ ಕಣವ್ವ. ಸೊಪ್ಪು ಚಿನ್ನದಂಗೆ ಬಂತು. ಅವ್ರು ಓಗ್ಬುಟ್ರು.”

ಗಂಡನ ಪಾಲಿನ ಜಮೀನಿಗಾಗಿ ಕೋರ್ಟಿಗೆ ಅಲೆಯುವಾಗ ವಕೀಲರೊಬ್ಬರು ಹೇಳಿದರಂತೆ: “ಹಳೇ ತೀರ್ಪು ತೋರಿಸಿದ್ರೆ ಸಾಲದಮ್ಮ, ಈ ಕೇಸೂ ಅಂಥದ್ದೇ ಅಂತ ತೋರಿಸಬೇಕು.”

“ಆ ಮಾತ ಯಾರಾರ ಮುಂಚೇಲೇ ಯೋಳ್ಬಾರ್ದಿತ್ತಾ?” ಎನ್ನುತ್ತಾರೆ ಬೀರಮ್ಮ. ಈಗ ಬೆಂಕಿ ಹಚ್ಚುವ ಮೊದಲೇ ಕೆಲಸ ಬಲ್ಲ ಇನ್ನೊಬ್ಬರನ್ನು ಜೊತೆಗೆ ಕೊಡಿ ಎಂದು ಕೇಳುತ್ತಾರೆ. ಕೊಡುವ ಮಾಲೀಕರು ಕಡಿಮೆ.

ಫೋನ್ ಹೊಡೆದುಕೊಳ್ಳುತ್ತದೆ. ಮಗಳು ಪವಿತ್ರಾ ಹೆರಿಗೆಗೆಂದು ಪಟ್ಟಣದ ಆಸ್ಪತ್ರೆ ಸೇರಿದ್ದಾಳೆ. ಆ ಕಡೆ ಅವಳ ಅತ್ತೆ ಚಿಕ್ಕಸಿದ್ದಮ್ಮ. “ಒಟ್ಟೇಲಿ ಮಗ ಅಲ್ಲಾಡ್ತಿಲ್ವಂತೆ ಬೀಗಿತಿ. ಆಪರೇಸನ್ ಅಂತಾವ್ರೆ. ಅವ್ವಾ ಅವ್ವಾ ಅಂತ ಕೂಗ್ತಾವ್ಳೆ.”

ಹಾಲು ಕರೆದು ಬಂದ ಪ್ರಭುಸ್ವಾಮಿ ವಿಷಯ ಕೇಳಿ ಬಕೆಟ್ ಕೆಳಗಿಡುತ್ತಾರೆ.

“ಸಾಮೇರೆ, ಇನ್ನೊಬ್ರನ್ನ ಕರ್ಕಳಿ ಅಂತ ಮೊದ್ಲೇ ಬಡ್ಕಂಡೆ.”

“ಓದ್ವರ್ಸ ಒಬ್ಳೇ ಬೇಯಿಸ್ಲಿಲ್ವಾ? ಗಂಡ ಸಾಯುವಾಗ್ಲೇ ಏಳದೋಳು, ಈಗೇನ್ ಬಂತು?”

ಬೀರಮ್ಮ ಟಾರ್ಚ್ ಎತ್ತಿಕೊಳ್ಳುತ್ತಾರೆ. ಕೊಳವೆಗಳ ಮೇಲೆ ಎಲೆ ಬಿದ್ದಿಲ್ಲವೆಂದು ಕಿಂಡಿಯಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಎರಡು ಕೊರಡು ಹಿಂದಕ್ಕೆಳೆದು ಉರಿ ತಗ್ಗಿಸುತ್ತಾರೆ.

“ಇಲ್ಲೇ ಕೂತ್ಕಳಿ. ಕಾವು ಗಂಟೆಗೆ ಎರಡೇ ಡಿಗ್ರಿ ಏರ್ಲಿ. ಅವಸ್ರ ಮಾಡ್ಬ್ಯಾಡಿ.”

ಸೆರಗಿನಲ್ಲಿ ಮುಖ ಒರೆಸಿಕೊಂಡು ಬಸ್ಸಿಗೆ ನಡೆಯುತ್ತಾರೆ.

ವಾರದ ಬಳಿಕ ಬೀರಮ್ಮ ಊರಾಚೆಯ ರಾಗಿ ಹೊಲದಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದಾರೆ. ಪ್ರಭುಸ್ವಾಮಿಯವರ ಸೊಪ್ಪು ಕಪ್ಪಾಗಿದೆ. ಬ್ಯಾರನ್ ಕೆಲಸಕ್ಕೆ ಬೀರಮ್ಮನನ್ನು ಯಾರೂ ಕರೆಯುತ್ತಿಲ್ಲ. ಮಗು ದಕ್ಕಲಿಲ್ಲ, ಪವಿತ್ರಾ ಉಳಿದಿದ್ದಾಳೆ.

ಇಂಥ ಸುದ್ದಿ ಇನ್ನೊಮ್ಮೆ ಬಂದರೆ ಏಳುತ್ತೀರಾ ಎಂದರೆ ಬೇರಿನ ಮಣ್ಣು ಕೊಡವುತ್ತಾರೆ.

“ಈ ಸಲದ್ನ ನೋಡ್ಕಂಡು ಮುಂದಿನ್ ಸಲದ್ನ ಯೋಳಕ್ಕಾಯ್ತದಾ? ಅವ್ಳು ಕಣ್ಬುಟ್ಟಾಗ ಪಕ್ಕದಲ್ಲಿ ನಾನಿದ್ದೆ. ಅಷ್ಟು ಗೊತ್ತು.”